ಅನ್ವಯಿಸುವುದಿಲ್ಲ

ಅಡಿವೆಪ್ಪ ತೀರಿಕೊಂಡ ಮೂರನೆಯ ದಿನ ಅವನ ಸೊಸೆ ರೇಣವ್ವ ಅವನ ಎದೆಪಟ್ಟಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದಳು. ಬಂದವಳು ಕೂರಲಿಲ್ಲ.

"ಶಂಕ್ರಕ್ಕ, ಇದರಾಗ ಏನರ ಕೆಟ್ಟೈತೇನು ನೋಡಿ ಹೇಳು. ನಮ್ಮ ಮಾವಾರು ಅವತ್ತು ಸಾಯೂ ಮನಿಷ್ಯಾ ಅಲ್ಲ. ಎರಡು ರೊಟ್ಟಿ ಉಂಡು, ಮೂರನೇದಕ್ಕ ಪುಂಡಿಪಲ್ಲೆ ಹಾಕು ಅಂದಾರ. ಕೈ ತೊಳಕೊಂಡು, ಉಣ್ಣಾಕ ಬಿಚ್ಚಿಟ್ಟ ಪಟ್ಟಿ ಕಟ್ಟಿಕೊಂಡು ಮೆಟ್ಟಲಾ ಏರಾಕ ಹತ್ತಿದ್ರು. ನಾಕನೇ ಮೆಟ್ಟಲದಾಗ ಕುಂತ್ರು. ಪಟ್ಟಿ ಸಪ್ಪಳ ಇಲ್ಲ. ಕುಂತಾವ್ರು ಏಳಲಿಲ್ಲ."

"ಹುಬ್ಬಳ್ಳಿಯವರು ಏನಂದ್ರು?"

"ಪಟ್ಟಿ ಚಲೋ ಐತಿ, ಬ್ಯಾನಿ ಹೆಚ್ಚಾಗಿ ಹೋಗ್ಯಾರ ಅಂತ ಕಾಗದ ಕಳಿಸ್ಯಾರ. ಕುಂತು ಉಣ್ಣೂತನಾ ಪಟ್ಟಿ ಇಲ್ಲದ ತಡೀತಿದ್ರು; ಹಂಗ ಬಿಚ್ಚಿಟ್ಟಾಗ ಅದರೊಳಗ ಏನೋ ಹೊಸಾದು ತುಂಬಿದ್ರಲ್ಲ, ಅದಕ್ಕ ನಿನ್ನ ಕೇಳಾಕ ಬಂದೆ."

ಗಣಿಹಾಳ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಇಳಕಲ್ಲಿನಿಂದ ಹದಿನೆಂಟು ಕಿಲೋಮೀಟರ್ ದೂರದ ಈ ಊರಿನಲ್ಲಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಹನ್ನೊಂದು ಫ್ಯಾಕ್ಟರಿಗಳಿವೆ. ಪಾಲಿಶ್ ಆದ ಕಲ್ಲು ಹಡಗು ಹತ್ತಿ ಹೋಗುತ್ತದೆ, ಕಲ್ಲಿನ ಧೂಳು ಇಲ್ಲೇ ಉಳಿಯುತ್ತದೆ. ಇಪ್ಪತ್ತು ವರ್ಷ ಆ ಧೂಳು ನುಂಗಿದವರ ಎದೆ ಒಳಗಿನಿಂದ ಗಟ್ಟಿಯಾಗಿಬಿಡುತ್ತದೆ. ಉಸಿರನ್ನು ಹೊರಗೆ ದಬ್ಬುವ ಶಕ್ತಿ ಇರುವುದಿಲ್ಲ, ಹಳೆಯದು ಹೋಗದೆ ಹೊಸದಕ್ಕೆ ಜಾಗವಿರುವುದಿಲ್ಲ. ಹಿಂದೆ ಇಂಥವರು ಐವತ್ತು ದಾಟುತ್ತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಎದೆಪಟ್ಟಿ ಬಂದ ಮೇಲೆ ದಾಟುತ್ತಿದ್ದಾರೆ.

ಎದೆಪಟ್ಟಿ ಎಂದರೆ ಒಂದು ಗೇಣು ಅಗಲದ, ಪಕ್ಕೆಲುಬಿನ ಸುತ್ತ ಕಟ್ಟಿಕೊಳ್ಳುವ ದಪ್ಪ ಪಟ್ಟಿ. ಒಳಗೆ ಗಾಳಿಚೀಲಗಳು, ಬೆರಳುದ್ದದ ಪಂಪು, ಉಗುರಿನಷ್ಟು ದೊಡ್ಡ ಕಂಪ್ಯೂಟರ್. ಎದೆ ಎಷ್ಟು ಅಗಲವಾಯಿತು ಎಂದು ಅದು ಪ್ರತಿ ಉಸಿರಿಗೂ ಅಳೆಯುತ್ತದೆ. ಆ ಅಳತೆಗೆ ತಕ್ಕಷ್ಟು ಚೀಲ ಉಬ್ಬಿಸಿ ಪಕ್ಕೆಗಳನ್ನು ಒತ್ತಿ ಗಾಳಿ ಹೊರಗೆ ಹಾಕುತ್ತದೆ, ಮತ್ತೆ ಸಡಿಲ ಬಿಡುತ್ತದೆ. ಟುಸ್ ಅಂತ ಒತ್ತುವುದು, ಫುಸ್ ಅಂತ ಬಿಡುವುದು. ನಮ್ಮ ಓಣಿಯಲ್ಲಿ ನಡೆದರೆ ಮನೆಮನೆಯಿಂದ ಆ ಸಪ್ಪಳ ಕೇಳುತ್ತದೆ.

ದೇಶದಲ್ಲಿ ಈಗ ಇಪ್ಪತ್ತಾರು ಲಕ್ಷ ಜನ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಆದರೆ ಮೊಟ್ಟಮೊದಲ ಪಟ್ಟಿಗಳು ಬಂದಿದ್ದು ನಮ್ಮೂರಿಗೆ. ಅವುಗಳಲ್ಲಿರುವ ಕಂಪ್ಯೂಟರ್ ಚಿಪ್ಪಿನ ಹೆಸರು ಮಯೂರ. ಯಾವುದೋ ರೈಲು ಸಿಗ್ನಲ್ಲಿಗಾಗಿ ಮಾಡಿಸಿ ಮಿಕ್ಕಿದ್ದ ಚಿಪ್ಪುಗಳು ಅವು. ಮಾಡಿದ ಕಾರ್ಖಾನೆ ಆಮೇಲೆ ಮುಚ್ಚಿತು. ಮುಂದೆ ಬಂದ ಪಟ್ಟಿಗಳಿಗೆಲ್ಲ ಬೇರೆ ಚಿಪ್ಪು. ಹಾಗಾಗಿ ಮಯೂರ ಪಟ್ಟಿ ಇರುವುದು ಗಣಿಹಾಳದಲ್ಲಿ ಮಾತ್ರ, ಒಟ್ಟು ನಾನೂರ ಒಂಬತ್ತು.

ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಗಂಡನ ಕೈ ನಡುಗಲು ಶುರುವಾದ ಮೇಲೆ ನಾನು ಕೂತೆ, ಮೂವತ್ತು ವರ್ಷವಾಯಿತು. ಸುಟ್ಟ ಪಂಪುಸೆಟ್ಟಿಗೆ ತಂತಿ ಸುತ್ತುವವಳಿಗೆ ಪಟ್ಟಿಯ ಪುಟ್ಟ ಪಂಪು ಏನು ದೊಡ್ಡದಲ್ಲ. ವಾಷರು, ಚೀಲ, ಬ್ಯಾಟರಿ ಬದಲಿಸುತ್ತೇನೆ. ಒಳಗಿನ ಪ್ರೋಗ್ರಾಂ ಮಾತ್ರ ನನ್ನ ಕೈಯಲ್ಲಿಲ್ಲ. ಅದು ಹುಬ್ಬಳ್ಳಿಯ ನವೀಕರಣ ಕೇಂದ್ರದಿಂದ ಗಾಳಿಯಲ್ಲೇ ಬರುತ್ತದೆ.

ಅಡಿವೆಪ್ಪನ ಪಟ್ಟಿಯನ್ನು ಟೇಬಲ್ ಮೇಲೆ ಹಾಸಿ ಗುಂಡಿ ಒತ್ತಿದೆ. ಹಸಿರು ದೀಪ ಬಂತು. ಪಂಪು ಸಣ್ಣಗೆ ಗುಂಯ್ ಅಂದಿತು. ಅರ್ಧ ಗಂಟೆ ಇಟ್ಟೆ, ನಿಲ್ಲಲಿಲ್ಲ. ಬ್ಯಾಟರಿ ತುಂಬಿತ್ತು, ಚೀಲ ಸೋರುತ್ತಿರಲಿಲ್ಲ.

"ಪಟ್ಟಿ ಚಲೋ ಐತವ್ವ" ಅಂದೆ ರೇಣವ್ವನಿಗೆ. "ವಯಸ್ಸೂ ಆಗಿತ್ತು."

ಅವಳು "ನೀನೂ ಹಂಗ ಅಂತೀಯಾ" ಅಂದು ಪಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು. ಆ ಮಾತು ನನಗೆ ಸಲ್ಲಬೇಕಾದದ್ದೇ. ಹುಬ್ಬಳ್ಳಿಯವರು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಅದು ಗೊತ್ತಾಗಲು ಮನೆಗೆ ಹೋಗಬೇಕಾಯಿತು.

ಗಂಡ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ ನೀಲಗಂಗವ್ವ. ಅಕ್ಕ ಇಪ್ಪತ್ತೆರಡು ವರ್ಷ ಪಾಲಿಶ್ ಮಶಿನ್ ಹಿಡಿದವಳು. ಪಟ್ಟಿ ಬಿಚ್ಚಿದರೆ ಮೂರು ನಿಮಿಷ ತಡೆಯುತ್ತಾಳೆ, ಅಷ್ಟರಲ್ಲಿ ಸ್ನಾನ ಮುಗಿಸಬೇಕು. ಪಟ್ಟಿ ಇದ್ದರೆ ಮಾತ್ರ ಅವಳ ಬಾಯಿಗೆ ಎದುರಿಲ್ಲ. ಅವತ್ತು ಬದನೆಕಾಯಿ ಹೆಚ್ಚುತ್ತ ಕೂತಿದ್ದವಳು ನನ್ನನ್ನು ಕಂಡ ಕೂಡಲೇ ಎದೆಯ ಮೇಲಿನ ಸಣ್ಣ ಗಾಜನ್ನು ತೋರಿಸಿದಳು.

"ನೋಡಿಲ್ಲೆ, ನನಗೂ ಬಂತು ಆಮಂತ್ರಣ."

ಗಾಜಿನ ಮೇಲೆ ಅಕ್ಷರಗಳು ಸರಿಯುತ್ತಿದ್ದವು: ನಿಮ್ಮ ಪಟ್ಟಿಯನ್ನು ಇದೇ ಹದಿನೈದರಂದು ನವೀಕರಿಸಲಾಗುವುದು. ಎರಡು ನಿಮಿಷ ಸ್ಥಗಿತ. ಗಾಬರಿ ಬೇಡ.

"ಗಾಬರಿ ಬ್ಯಾಡ ಅಂದ್ರಲ್ಲ, ಆವಾಗ ಗಾಬರಿ ಆತು ನನಗ" ಅಂದಳು. "ಅಡಿವೆಪ್ಪಣ್ಣನ ಪಟ್ಟಿ ನೋಡಿದೇನು?"

"ನೋಡಿದೆ. ಟೇಬಲ್ ಮ್ಯಾಲ ಅರ್ಧಾ ತಾಸು ಹಾಕಿದ್ದೆ. ಚಲೋ ನಡೀತು."

"ಯಾಕ ಶಂಕ್ರಿ, ನಿನ್ನ ಟೇಬಲ್ಲಿಗೂ ಉಸಿರಿನ ತ್ರಾಸ ಐತೇನು?"

ಅವಳು ನಕ್ಕಳು. ಅವಳು ನಕ್ಕರೆ ಪಟ್ಟಿ ತಾಳ ತಪ್ಪಿ ಬಿಕ್ಕಳಿಸುತ್ತದೆ, ಅದು ನೋಡಿ ಇನ್ನೂ ನಗುತ್ತಾಳೆ. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಯಾವ ಮೋಟರನ್ನೂ ಬರೀ ತಿರುಗಿದ್ದು ನೋಡಿ ಗಿರಾಕಿಗೆ ಕೊಟ್ಟವಳಲ್ಲ. ಹೊಸ ವೈಂಡಿಂಗ್ ಆದ ಮೋಟರಿಗೆ ಮೊದಲು ಸೀರೀಸ್ ಬಲ್ಬ್ ಹಾಕುತ್ತೇವೆ. ಕರೆಂಟು ಬಲ್ಬಿನ ಮೂಲಕ ಹಾದು ಮೋಟರಿಗೆ ಹೋಗುವ ಹಾಗೆ ವೈರು ಕೊಡುವುದು. ತಪ್ಪಿದ್ದರೆ ಬಲ್ಬ್ ಝಗ್ಗನೆ ಉರಿಯುತ್ತದೆ, ಮೋಟರಿಗೆ ಏನೂ ಆಗುವುದಿಲ್ಲ. ಪೆಟ್ಟನ್ನು ತಡೆಯಬಲ್ಲದ್ದು ಮುಂದೆ ನಿಲ್ಲಬೇಕು, ತಡೆಯಲಾರದ್ದು ಹಿಂದೆ. ಆಮೇಲೆ ನೀರಿನ ಭಾರ ಹಾಕಿ ಓಡಿಸಿ ನೋಡಿಯೇ ಕೊಡುವುದು. ಪಂಪುಸೆಟ್ಟಿಗೆ ಮಾಡುವಷ್ಟನ್ನು ಅಡಿವೆಪ್ಪನ ಪಟ್ಟಿಗೆ ನಾನು ಮಾಡಿರಲಿಲ್ಲ.

ಅಂಗಡಿಗೆ ಓಡಿದೆ, ಪಟ್ಟಿ ತಂದೆ. ಅಕ್ಕನ ಮುಂದೆಯೇ ಸೀರೆಯ ಮೇಲೆ ಕಟ್ಟಿಕೊಂಡೆ. ನನ್ನ ಎದೆ ಗಟ್ಟಿ, ಪಟ್ಟಿ ನಿಂತರೂ ನನಗೇನಾಗಬೇಕು? ನಾನೇ ಬಲ್ಬು. ಗುಂಡಿ ಒತ್ತಿ ಉಸಿರು ಎಳೆದೆ. ಟುಸ್ ಅಂತು. ಎರಡನೆಯದಕ್ಕೆ ಚೀಲ ಒಮ್ಮೆ ಅದುರಿತು. ಮೂರನೆಯದಕ್ಕೆ ಪಟ್ಟಿ ಪೂರ್ತಿ ಸಡಿಲವಾಗಿ ಬಟ್ಟೆಯ ಹಾಗೆ ಜೋತುಬಿತ್ತು. ಗಾಜಿನ ಮೇಲೆ ಎರಡು ಪದ ಬಂದವು: ಸುರಕ್ಷಿತ ಸ್ಥಿತಿ.

ಅಕ್ಕನ ಒಂದು ಕೈ ತನ್ನ ಪಟ್ಟಿಯ ಮೇಲೆ ಹೋಯಿತು, ಇನ್ನೊಂದರಲ್ಲಿ ಅರ್ಧ ಹೆಚ್ಚಿದ ಬದನೆಕಾಯಿ ಹಾಗೇ ಉಳಿಯಿತು.

"ಯಾರ ಸುರಕ್ಷಿತ?" ಅಂದಳು.

ಮರುದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ನವೀಕರಣ ಕೇಂದ್ರ ದೊಡ್ಡ ಕಟ್ಟಡ, ಒಳಗೆ ತಣ್ಣಗೆ. ಒಂದು ಇಡೀ ಗೋಡೆಯ ತುಂಬ ಪರದೆ, ಅದರಲ್ಲಿ ಸಾಲುಸಾಲು ಹೆಸರುಗಳು, ಪ್ರತಿ ಹೆಸರಿನ ಮುಂದೆ ಹಸಿರು ಗುರುತು. ಅಲ್ಲಿನ ಮುಖ್ಯಸ್ಥರ ಹೆಸರು ಜಯತೀರ್ಥ. ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿದರು, ಕುರ್ಚಿ ಎಳೆದು ಕೂಡಿಸಿದರು, ನನ್ನ ಮಾತನ್ನು ನಡುವೆ ತಡೆಯಲಿಲ್ಲ. ಕೆಟ್ಟವರಾಗಿದ್ದರೆ ಕೂಗಾಡಿ ಬರುವುದು ಸುಲಭವಿತ್ತು.

"ಬಾಯಾರ, ನಿಮ್ಮ ಸಂಕಟ ತಿಳೀತದ" ಅಂದರು. "ಆದ್ರ ಆ ಪಟ್ಟಿ ಕೆಟ್ಟಿಲ್ಲರಿ. ನಿಮ್ಮೂರಾಗ ಮೊದಲ ಅದೊಂದಕ್ಕ ಕಳಿಸಿದ್ವಿ, ಅಳವಡಿಕಿ ಯಶಸ್ವಿ ಅಂತ ಇಲ್ಲಿ ದಾಖಲ ಆಗ್ಯದ. ಏನರ ಅನುಮಾನ ಬಂದ್ರ ಅದು ತಾನ ನಿಲ್ಲತದ. ಅದೇ ಸುರಕ್ಷಿತ ಸ್ಥಿತಿ."

"ಉಸಿರು ನಿಲ್ಲಿಸೂದು ಸುರಕ್ಷಿತ ಅಂತ ಬರದಾವ್ರು ಯಾರ್ರಿ? ತಾವು ಚಲೋತ್ನಾಗ ಉಸಿರಾಡೋರ ಇರಬೇಕು."

ಅವರು ಪಟ್ಟಿಯನ್ನು ತಮ್ಮ ಟೇಬಲ್ ಮೇಲೆ ಹಾಸಿ ಗುಂಡಿ ಒತ್ತಿದರು. ಹಸಿರು ದೀಪ. ಗುಂಯ್. ಅಂಗೈ ಬಿಚ್ಚಿ ತೋರಿಸಿದರು.

"ನಾನೂ ಇದನ್ನ ಮಾಡಿದ್ನಿರಿ, ಮಾಡಿ ಮುಖಾ ಇಲ್ಲದಂಗ ಆತು. ಈಗ ನೀವು ಕಟ್ಟಿಕೋರಿ" ಅಂದೆ.

"ನಾನೇ?"

"ನಿಮಗೇನ ಆಗೂದಿಲ್ಲ. ಗಟ್ಟಿ ಇದ್ದೀರಿ."

ಆಚೆ ಕುರ್ಚಿಯಿಂದ ಒಬ್ಬ ಹೆಂಗಸು ಎದ್ದು ಬಂದಳು. ನಲವತ್ತರ ಆಸುಪಾಸು, ಕುತ್ತಿಗೆಯಲ್ಲಿ ಕನ್ನಡಕ ತೂಗಿಬಿದ್ದಿತ್ತು. ಹೆಸರು ಹೇಮಲತಾ, ಮಳವಳ್ಳಿ ಕಡೆಯವಳು, ಪ್ರೋಗ್ರಾಂ ಬದಲಿಸುವ ಕೆಲಸ ಅವಳದೇ ಎಂದು ಆಮೇಲೆ ಗೊತ್ತಾಯಿತು. "ಸಾರ್, ಕಟ್ಕೊಳಿ. ಒಂದು ನಿಮಿಷ ತಾನೆ" ಅಂದಳು.

ಜಯತೀರ್ಥರು ಅಂಗಿಯ ಮೇಲೆ ಪಟ್ಟಿ ಕಟ್ಟಿಕೊಂಡು ನಿಂತರು. ಒಂದು ಉಸಿರು, ಎರಡು, ಮೂರು. ಪಟ್ಟಿ ಜೋತುಬಿತ್ತು. ಆ ಕೋಣೆಯ ಹತ್ತು ಹನ್ನೆರಡು ಜನ ನೋಡುತ್ತಿದ್ದರು.

"ನನಗೇನೂ ಆಗಲಿಲ್ಲ" ಅಂದರು ಅವರು, ಅಭ್ಯಾಸದ ಮಾತಿನ ಹಾಗೆ.

"ನಿಮಗ ಆಗೂದಿಲ್ರಿ. ಅದಕ್ಕ ನಿಮಗ ತಿಳಿಯೂದೂ ಇಲ್ಲ."

ಹೇಮಲತಾ ಪಟ್ಟಿಯನ್ನು ಬಿಚ್ಚಿಸಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು ತನ್ನ ಜಾಗಕ್ಕೆ ಹೋದಳು. ಎರಡು ಗಂಟೆ ತಲೆ ಎತ್ತಲಿಲ್ಲ. ಎತ್ತಿದಾಗ ನನ್ನನ್ನು ಕರೆದಳು.

"ಕೂತ್ಕೊಳಿ ಅಮ್ಮ. ನಿಮಗೆ ತಿಳಿಯೋ ಹಾಗೆ ಹೇಳ್ತೀನಿ. ನಮ್ಮ ಪ್ರೋಗ್ರಾಂ ಪೂರ್ತಿ ನಾವೇ ಬರೆದದ್ದಲ್ಲ. ಅದು ಬೇರೆಯವರು ಬರೆದಿಟ್ಟ ನೂರಾರು ಸಣ್ಣ ಪ್ರೋಗ್ರಾಂಗಳ ಮೇಲೆ ನಿಂತಿದೆ."

"ಮೋಟರ್ ನಮ್ಮದು, ಬೇರಿಂಗ್ ಮಂದಿದು. ಹಂಗೇನು?"

"ಹಂಗೇ. ಅದರಲ್ಲಿ ಒಂದು ಬೇರಿಂಗ್‌ನಲ್ಲಿ ದೋಷ ಸಿಕ್ತು. ದೂರದಲ್ಲಿ ಕೂತವನು ಯಾರದಾದರೂ ಪಟ್ಟಿಯನ್ನ ತನ್ನ ಹಿಡಿತಕ್ಕೆ ತಗೋಬಹುದು, ಅಂಥಾ ದೋಷ. ಅದಕ್ಕೆ ಬದಲಾಯಿಸಲೇಬೇಕು. ಇದರಲ್ಲಿ ಸುಳ್ಳಿಲ್ಲ."

"ಬದಲಾಯಿಸ್ರಿ. ಶಾಫ್ಟಿನ ಅಳತಿ ನೋಡಿ ಬದಲಾಯಿಸ್ರಿ."

ಅವಳು ಕಾಗದದ ಮೇಲೆ ಎರಡು ಡಬ್ಬಿ ಬರೆದಳು. ಕಂಪ್ಯೂಟರ್ ಒಂದು ಡಬ್ಬಿಯಲ್ಲಿ ಇನ್ನೂರ ಐವತ್ತೈದರವರೆಗೆ ಮಾತ್ರ ಇಡಬಲ್ಲದು, ಅದಕ್ಕಿಂತ ದೊಡ್ಡದಕ್ಕೆ ಎರಡು ಡಬ್ಬಿ ಬೇಕು, ಒಂದರಲ್ಲಿ ದೊಡ್ಡ ಪಾಲು, ಇನ್ನೊಂದರಲ್ಲಿ ಚಿಲ್ಲರೆ. ಜಗತ್ತಿನ ಚಿಪ್ಪುಗಳೆಲ್ಲ ಈಗ ಚಿಲ್ಲರೆಯನ್ನು ಮುಂದಿಡುತ್ತವೆ. ಮಯೂರ ದೊಡ್ಡ ಪಾಲನ್ನು ಮುಂದಿಡುತ್ತದೆ. ಹಳೆಯ ಪ್ರೋಗ್ರಾಂಗೆ ಇದು ಗೊತ್ತಿತ್ತು. ಹೊಸದಾಗಿ ಬರೆದವರಿಗೆ ಮಯೂರ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ.

"ಹಾಗಾಗಿ ಎದೆ ಮೂರು ಅಂತ ಹೇಳಿದರೆ ಹೊಸ ಪ್ರೋಗ್ರಾಂ ಅದನ್ನ ತಿರುಗಾಮುರುಗಾ ಓದಿ ಏಳುನೂರ ಅರವತ್ತೆಂಟು ಅಂದ್ಕೊಳತ್ತೆ. ಇನ್ನೂರು ದಾಟಬಾರದು ಅಂತ ಒಂದು ಕಟ್ಟಳೆ ಇದೆ. ಮೂರು ಸಲ ದಾಟಿದರೆ ನಿಲ್ಲತ್ತೆ."

"ಟೇಬಲ್ ಮ್ಯಾಲ ಯಾಕ ನಿಲ್ಲಲಿಲ್ಲ?"

"ಟೇಬಲ್ ಉಸಿರಾಡಲ್ವಲ್ಲ ಅಮ್ಮ. ಅಳತೆ ಸೊನ್ನೆ. ಸೊನ್ನೆಯನ್ನ ಯಾವ ಕಡೆಯಿಂದ ಓದಿದರೂ ಸೊನ್ನೆ."

ನಾನು ಗೋಡೆಯ ಮೇಲಿನ ಪರದೆ ನೋಡಿದೆ. "ಅಷ್ಟೂ ಹಸಿರು ಐತಲ್ಲ. ಇದನ್ನ ಪರೀಕ್ಷಾ ಮಾಡದ ಬಿಟ್ಟೀರೇನು?"

ಅವಳು ಪರದೆಯ ಸಾಲುಗಳನ್ನು ಕೆಳಗೆ ಕೆಳಗೆ ಸರಿಸಿದಳು. ಕಟ್ಟಕಡೆಗೆ ಮಯೂರ ಬಂತು. ಅದರ ಮುಂದೂ ಹಸಿರು ಗುರುತು. ಬೆರಳಿಟ್ಟು ಒತ್ತಿದಳು, ಗುರುತು ದೊಡ್ಡದಾಗಿ ಬಿಚ್ಚಿಕೊಂಡಿತು. ಒಳಗೆ ಒಂದೇ ಪದ: ಅನ್ವಯಿಸುವುದಿಲ್ಲ.

"ಅಂದ್ರ?"

"ಪರೀಕ್ಷೆ ಮಾಡೋಕೆ ನಮ್ಮ ಹತ್ತಿರ ಮಯೂರ ಪಟ್ಟಿ ಒಂದೂ ಇಲ್ಲ. ಯಂತ್ರ ಇಲ್ಲದಿದ್ದರೆ ಪರೀಕ್ಷೆ ಅನ್ವಯಿಸುವುದಿಲ್ಲ ಅಂತ ಬರತ್ತೆ. ಅನ್ವಯಿಸದೇ ಇರೋದನ್ನ ತೇರ್ಗಡೆ ಅಂತ ಎಣಿಸ್ತಾರೆ. ಮೊದಲಿಂದ ಹಂಗೇ ಇದೆ." ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು: "ನೀವು ತಂದದ್ದೇ ನಾನು ಕಣ್ಣಲ್ಲಿ ನೋಡಿದ ಮೊದಲ ಮಯೂರ."

ನನಗೆ ಸಿಟ್ಟು ಬಂತು. ಹದಿನಾಲ್ಕು ವರ್ಷ ನಮ್ಮ ಮನೆಗಳ ಉಸಿರನ್ನು ಇಲ್ಲಿ ಕೂತು ತಿದ್ದುತ್ತಿದ್ದವರು ನಮ್ಮ ಪಟ್ಟಿಯನ್ನು ನೋಡಿಯೇ ಇರಲಿಲ್ಲ. ಗೊತ್ತಿಲ್ಲ ಎಂದು ಬರೆದಿದ್ದರೆ ಒಪ್ಪುತ್ತಿದ್ದೆ. ನೋಡಿಲ್ಲ ಎಂದು ಕೆಂಪು ಗುರುತು ಹಾಕಿದ್ದರೆ ಯಾರಾದರೂ ಒಬ್ಬರು ಫೋನು ಮಾಡಿ ಒಂದು ಪಟ್ಟಿ ಕಳಿಸಿ ಎನ್ನುತ್ತಿದ್ದರು. ಕಳಿಸುತ್ತಿದ್ದೆವು. ನೋಡದೇ ಇದ್ದದ್ದನ್ನು ನೋಡಿದ್ದರ ಪಂಕ್ತಿಯಲ್ಲಿ ಕೂಡಿಸಿದ್ದರು. ಅಡಿವೆಪ್ಪನನ್ನು ಕೊಂದದ್ದು ಡಬ್ಬಿ ಅದಲುಬದಲಾದದ್ದಲ್ಲ. ಆ ಹಸಿರು ಬಣ್ಣ.

ಜಯತೀರ್ಥರ ಬಳಿಗೆ ಹೋಗಿ ಅದನ್ನೇ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು.

"ಇಪ್ಪತ್ತಾರು ಲಕ್ಷ ಪಟ್ಟಿ ಅದಾವ ಬಾಯಾರ. ಅದರಾಗ ನಿಮ್ಮವು ಈಗ ನಾನೂರ ಎಂಟು. ಶೇಕಡಾ ಲೆಕ್ಕದಾಗ ಸೊನ್ನಿ ಅಂತನ ಬರ್ತದ. ಹದಿನೈದನೇ ತಾರೀಕು ದಾಟಿದ್ರ ಹಳೇ ಪ್ರೋಗ್ರಾಮಿಗೆ ಇಲ್ಲಿಂದ ಒಪ್ಪಿಗಿ ಹೋಗೂದಿಲ್ಲ, ಪಟ್ಟಿ ನಡಿಯೂದಿಲ್ಲ. ದೋಷ ಇಟ್ಟುಕೊಂಡು ಓಡಸಾಕ ನನಗ ಅಧಿಕಾರ ಇಲ್ಲ. ಎರಡು ವರ್ಷದಾಗ ನಿಮಗ ಹೊಸಾ ಪಟ್ಟಿ ಬರ್ತಾವ."

"ಎರಡು ವರ್ಷ ಉಸಿರು ಬಿಗಿ ಹಿಡೀರಿ ಅಂತ ಹೇಳ್ಲೇನು ಊರಾಗ?"

"ಸಾರ್" ಅಂದಳು ಹೇಮಲತಾ, "ಒಂಬತ್ತು ದಿನ ಇದೆ. ನಾನು ಸರಿಮಾಡ್ತೀನಿ. ಪಟ್ಟಿ ಇವರು ಬಿಟ್ಟುಹೋಗ್ಲಿ."

"ನಿನಗ ಬ್ಯಾರೆ ಕೆಲಸ ಇಲ್ಲೇನು?"

"ಇದೆ. ಆಮೇಲೆ ಮಾಡ್ತೀನಿ."

ಸರಿಮಾಡುವುದು ಒಂದು ದಿನದ ಕೆಲಸವಾಗಿತ್ತು. ಡಬ್ಬಿಗಳನ್ನು ಯಾವ ಕಡೆಯಿಂದ ಓದಬೇಕು ಎಂದು ಮೊದಲು ಚಿಪ್ಪನ್ನೇ ಕೇಳುವ ನಾಲ್ಕು ಸಾಲು. ಉಳಿದ ದಿನಗಳು ಹೋದದ್ದು ಬೇರೆಯದಕ್ಕೆ. ಆ ಬೇರಿಂಗ್ ಪ್ರೋಗ್ರಾಂ ಬರೆದವರು ಯಾವುದೋ ದೇಶದ ಮೂವರು. ಸಂಬಳವಿಲ್ಲದೆ, ಬಿಡುವಿನಲ್ಲಿ ಬರೆದವರು. ಹೇಮಲತಾ ತನ್ನ ನಾಲ್ಕು ಸಾಲನ್ನು ಅವರಿಗೆ ಕಳಿಸಿದಾಗ ಒಬ್ಬಾತ ಉತ್ತರ ಬರೆದ. ಅವಳು ಅದನ್ನು ಫೋನಿನಲ್ಲಿ ನನಗೆ ಕನ್ನಡ ಮಾಡಿ ಓದಿದಳು: ಈ ಚಿಪ್ಪು ನಮ್ಮಲ್ಲಿಲ್ಲ, ನಾವು ಕಂಡೂ ಇಲ್ಲ. ಇವತ್ತು ಇದನ್ನು ಸೇರಿಸಿಕೊಂಡರೆ ನಾಳೆ ನಾವು ಏನೋ ಬದಲಿಸಿದಾಗ ಮತ್ತೆ ಮುರಿಯುತ್ತದೆ, ಮುರಿದದ್ದು ನಮಗೆ ಗೊತ್ತೂ ಆಗುವುದಿಲ್ಲ. ಪ್ರತಿ ಬದಲಾವಣೆಯನ್ನೂ ನಿಜವಾದ ಯಂತ್ರದ ಮೇಲೆ ನೋಡಿ ಹೇಳುವವರು ಯಾರಾದರೂ ಇದ್ದಾರೆಯೇ?

ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ತಿಳಿಯದ್ದನ್ನು ತಿಳಿಯದು ಎಂದಿದ್ದ.

"ಅದಾರ ಅಂತ ಬರಿ" ಅಂದೆ. "ನಾನ ನೋಡ್ತೀನಿ. ನನ್ನ ಅಂಗಡ್ಯಾಗ ಒಂದು ಪಟ್ಟಿ ಇಡ್ತೀನಿ, ಕಟ್ಟಿಕೊಂಡು ಉಸಿರಾಡಿ ಹೇಳ್ತೀನಿ."

"ಅಮ್ಮ, ಅವರು ವರ್ಷಕ್ಕೆ ಮೂವತ್ತು ನಲವತ್ತು ಸಲ ಬದಲಿಸ್ತಾರೆ."

"ನಾ ದಿನಕ್ಕ ಎಷ್ಟು ಸಲ ಉಸಿರಾಡ್ತೀನಿ ಅವ್ರಿಗೆ ಹೇಳು."

ಮನೆಯಲ್ಲಿ ಅಕ್ಕ ಇದನ್ನು ಕೇಳಿ ಸಂತೋಷಪಡಲಿಲ್ಲ. ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟಳು.

"ಕಲ್ಲಿನ ಧೂಳು ಕುಡದಾವ್ರು ನಾವು, ಚಿಪ್ ಕೊಟ್ಟಾವ್ರು ಅವ್ರು. ಪರೀಕ್ಷಾ ಮಾಡೂದೂ ನಾವ ಏನು? ಆ ಕಟ್ಟಡದಾಗ ಅಷ್ಟು ಮಂದಿ ಕುಂತು ಏನ್ ಮಾಡ್ತಾರ?"

"ಅದನ್ನೂ ಕೇಳೂಣು. ಮೊದಲ ಹದಿನೈದು ದಾಟೂಣು."

"ದಾಟಿದ ಮ್ಯಾಲ ನೀ ಕೇಳೂದಿಲ್ಲ, ನನಗ ಗೊತ್ತೈತಿ. ಮೆತ್ತನ ಮನಿಷ್ಯಾಳು ನೀ. ನಾನ ಕೇಳ್ತೀನಿ."

ಆ ಮೂವರು ಒಪ್ಪಿದರು, ಹದಿಮೂರಕ್ಕೆ ಹೇಮಲತಾಳ ಹೊಸ ಪ್ರೋಗ್ರಾಂ ಬಂತು, ಅವಳ ಬಳಿ ಬಿಟ್ಟಿದ್ದ ಪಟ್ಟಿಯೂ ಬಸ್ಸಿನಲ್ಲಿ ವಾಪಸು ಬಂತು. ಅಡಿವೆಪ್ಪನ ಪಟ್ಟಿಗೆ ತುಂಬಿ ನಾನು ಒಂದಿಡೀ ದಿನ ಕಟ್ಟಿಕೊಂಡೆ. ಮೆಟ್ಟಿಲು ಹತ್ತಿದೆ, ಇಳಿದೆ, ಬೇಕಂತಲೇ ಕೆಮ್ಮಿದೆ, ಅಕ್ಕನ ಜೊತೆ ಜಗಳವಾಡಿದೆ. ನಿಲ್ಲಲಿಲ್ಲ. ಆದರೆ ಅದನ್ನು ತುಂಬುವಾಗ ಗಡಿಯಾರ ನೋಡಿದ್ದೆ. ಎರಡು ನಿಮಿಷ ಸ್ಥಗಿತ ಎಂದು ಬರೆದಿದ್ದರಲ್ಲ, ಅದು ಹೊಸ ಚಿಪ್ಪುಗಳ ಲೆಕ್ಕ. ಮಯೂರ ನಿಧಾನ. ಅದಕ್ಕೆ ಏಳು ನಿಮಿಷ ಬೇಕಾಯಿತು. ಇದನ್ನೂ ಯಾರೂ ನೋಡಿರಲಿಲ್ಲ. ಅಕ್ಕ ಮೂರು ನಿಮಿಷ ತಡೆಯುತ್ತಾಳೆ.

ಫೋನಿನಲ್ಲಿ ಹೇಮಲತಾ ಅಳುವ ಹಾಗಾದಳು. "ಇದನ್ನ ಕಮ್ಮಿ ಮಾಡೋಕೆ ದಿನ ಸಾಲದು ಅಮ್ಮ."

"ಬ್ಯಾಡ. ಏಳು ನಿಮಿಷ ನಾವ ಒತ್ತತೇವಿ."

"ಏನು?"

"ಪಟ್ಟಿ ಮಾಡೂದು ಏನು? ಪಕ್ಕಡಿ ಒತ್ತೂದು, ಬಿಡೂದು. ನಮಗೇನು ಕೈ ಇಲ್ಲೇನು?"

ಆರೋಗ್ಯ ಕೇಂದ್ರದ ನರ್ಸಬಾಯಿ ಹೇಗೆ ಒತ್ತಬೇಕೆಂದು ತೋರಿಸಿಕೊಟ್ಟರು. ಎರಡೂ ಅಂಗೈ ಕೆಳಪಕ್ಕೆಯ ಮೇಲೆ, ಮಲಗಿದವರು ಉಸಿರು ಬಿಡುವಾಗ ಒಳಗೂ ಕೆಳಗೂ ಒತ್ತಬೇಕು, ಎಳೆಯುವಾಗ ಪೂರ್ತಿ ಬಿಡಬೇಕು, ಅವಸರ ಮಾಡಬಾರದು. ಎರಡು ದಿನ ಊರವರೆಲ್ಲ ಅದೇ ಕಲಿತರು.

ಹದಿನೈದರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಜಮಖಾನೆ ಹಾಸಿದೆವು. ಹೇಮಲತಾ ಹುಬ್ಬಳ್ಳಿಯಿಂದ ತನ್ನ ಲ್ಯಾಪ್‌ಟಾಪ್ ತಂದು ಬಾಗಿಲ ಬಳಿ ಕೂತಳು. ಒಂದು ಸಲಕ್ಕೆ ಮೂವತ್ತನಾಲ್ಕು ಜನ, ಹನ್ನೆರಡು ಸುತ್ತು. ಮಲಗಿದವರ ಪಕ್ಕ ಒಬ್ಬೊಬ್ಬರು ಮೊಣಕಾಲೂರಿದರು. ಮಗ ತಾಯಿಗೆ ಒತ್ತಿದ. ಸೊಸೆ ಅತ್ತೆಗೆ ಒತ್ತಿದಳು. ಮಾತು ಬಿಟ್ಟು ಎಂಟು ವರ್ಷವಾಗಿದ್ದ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಇನ್ನೊಬ್ಬನಿಗೆ ಒತ್ತಿದ, ಆಗಲೂ ಮಾತಾಡಲಿಲ್ಲ. ರೇಣವ್ವ ಯಾರೂ ಕರೆಯದೆ ಬಂದು, ಯಾರೂ ಇಲ್ಲದವರ ಪಕ್ಕ ಕೂತು, ಸುತ್ತು ಸುತ್ತಿಗೂ ಒತ್ತಿದಳು. ಮಾವನ ಸಾವಿನ ಕಾಗದ ತಿದ್ದಿಸುವುದಕ್ಕೆ ಅವಳು ಅದಾಗಲೇ ಹೇಮಲತಾಳಿಂದ ಡಬ್ಬಿ ಬರೆದ ಹಾಳೆಯನ್ನು ಸಹಿ ಹಾಕಿಸಿ ಇಸಿದುಕೊಂಡಿದ್ದಳು.

ಅಷ್ಟು ಪಟ್ಟಿಗಳು ಒಮ್ಮೆಲೇ ನಿಂತಾಗ ಆಗುವ ಮೌನವನ್ನು ನಾನು ಹೇಳಲಾರೆ. ಏಳು ನಿಮಿಷದ ಕೊನೆಗೆ ಅಲ್ಲೊಂದು ಟುಸ್, ಇಲ್ಲೊಂದು ಟುಸ್, ಆಮೇಲೆ ಅಂಗಳವೆಲ್ಲ.

ಕೊನೆಯ ಸುತ್ತಿನಲ್ಲಿ ಅಕ್ಕ. ಬೆಳಿಗ್ಗೆಯಿಂದ ಅಂಗಳ ಸುತ್ತಿ, ನೆಟ್ಟಗೆ ಒತ್ತು, ಹಿಟ್ಟು ನಾದಿದಂಗ ಒತ್ತಬ್ಯಾಡ ಎಂದು ಎಲ್ಲರನ್ನೂ ಬೈದು ಬಂದವಳು ಮಲಗಿದಳು. ಪಟ್ಟಿ ನಿಂತಿತು. ಮಾತೂ ನಿಂತಿತು. ನಾನು ಒತ್ತಿದೆ, ಬಿಟ್ಟೆ. ಐವತ್ತೆಂಟು ವರ್ಷ ಜೊತೆಗಿದ್ದವಳ ಪಕ್ಕೆಲುಬು ಇಷ್ಟು ಸಣ್ಣವೆಂದು ನನಗೆ ಗೊತ್ತಿರಲಿಲ್ಲ. ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ನಾಲ್ಕನೆಯ ನಿಮಿಷಕ್ಕೆ ತುಟಿ ಕಪ್ಪಾಗತೊಡಗಿತು. ಇನ್ನೂ ನಿಧಾನ ಮಾಡಿದೆ, ಇನ್ನೂ ಆಳಕ್ಕೆ ಒತ್ತಿದೆ. ಏಳಾಯಿತು. ನನ್ನ ಅಂಗೈ ಕೆಳಗೆ ಏನೋ ಅಲುಗಿತು. ಟುಸ್.

ಅವಳು ಮೂರು ನಾಲ್ಕು ಉಸಿರು ತುಂಬಿಕೊಂಡಳು. "ಏ ಶಂಕ್ರಿ" ಅಂದಳು, "ಕೈಯೋ ಸುತ್ತಗಿಯೋ ಅವು?"

ನಾನು ನಗುತ್ತ ಅಳುತ್ತಿದ್ದೆ. ಆಗ ಎರಡು ಜಮಖಾನೆ ಆಚೆಯಿಂದ ರೇಣವ್ವ ಕೂಗಿದಳು. "ಹುಸೇನಬೀದು ಚಾಲೂ ಆಗಿಲ್ಲ!"

ಹುಸೇನಬಿ ಪಾಲಿಶ್ ಫ್ಯಾಕ್ಟರಿಯಲ್ಲಿ ಅಕ್ಕನ ಎದುರಿನ ಮಶಿನ್ ಹಿಡಿದಿದ್ದವಳು. ಅವಳ ಪಟ್ಟಿಯ ಗಾಜು ಕಪ್ಪಗಿತ್ತು. ಹೇಮಲತಾ ವೈರು ಹಿಡಿದು ಓಡಿ ಬಂದು ಮಣ್ಣಿನಲ್ಲೇ ಮಂಡಿಯೂರಿದಳು. "ಅರ್ಧಕ್ಕೆ ನಿಂತಿದೆ. ಮತ್ತೆ ಮೊದಲಿಂದ ತುಂಬಬೇಕು. ಒತ್ತೋದು ಬಿಡಬೇಡಿ, ಬಿಡಬೇಡಿ" ಅಂದಳು. ರೇಣವ್ವ ಆಗಲೇ ಸೋತಿದ್ದಳು. ಅವಳ ಜಾಗಕ್ಕೆ ನಾನು ಹೋದೆ.

ಹೇಮಲತಾಳ ಫೋನು ನೆಲದ ಮೇಲೆ ಬಿದ್ದು ಬಡಿದುಕೊಳ್ಳುತ್ತಿತ್ತು. ಅವಳ ಕೈಗೆ ಬಿಡುವಿರಲಿಲ್ಲ. ಅಕ್ಕ ಎದ್ದು ಬಂದು ಎತ್ತಿಕೊಂಡಳು. ಆ ಕಡೆ ಜಯತೀರ್ಥರು, ದನಿಯಲ್ಲಿ ಹಬ್ಬವಿತ್ತು. ನಮಗೆಲ್ಲ ಕೇಳಿಸುವಷ್ಟು ಜೋರಾಗಿ ಹೇಳಿದರು: "ಹೇಮಲತಾ, ಪರದೆ ಮ್ಯಾಲ ಬಂತು ನೋಡು! ಶೇಕಡಾ ತೊಂಬತ್ತೊಂಬತ್ತು ಪಾಯಿಂಟ್ ಏಳು ಐದು! ಅಭಿನಂದನೆ ಹೇಳು ಎಲ್ಲಾರಿಗೂ. ನಾ ಮುಗೀತು ಅಂತ ಬರದುಬಿಡ್ತೀನಿ."

"ಹೇಮಲತಾ ಅಲ್ರಿ ಮಾತಾಡೂದು, ನೀಲಗಂಗವ್ವ" ಅಂದಳು ಅಕ್ಕ. "ಮುಗದಿಲ್ಲ. ಒಬ್ಬಾಕಿ ಉಳದಾಳ."

"ಹಾಂ, ಬಾಯಾರ, ಅದು ಸಹಜರಿ. ಒಂದು ಅರ್ಧ ಹೆಚ್ಚು ಕಡಿಮಿ..."

ಅಕ್ಕ ಬಗ್ಗಿ, ಫೋನನ್ನು ಹುಸೇನಬಿಯ ಎದೆಯ ಮೇಲೆ, ನನ್ನ ಎರಡು ಕೈಗಳ ನಡುವೆ ಇಟ್ಟಳು.

"ಏನರ ಕೇಳಸ್ತೈತೇನು?"

ಆ ಕಡೆಯಿಂದ ಬಂತು: "ಇಲ್ಲ. ಏನೂ ಕೇಳಸವಲ್ತು."

"ಟುಸ್ ಅಂತ ಕೇಳೂತನಾ ಅಲ್ಲೇ ಕುಂಡ್ರು" ಅಂದಳು ಅಕ್ಕ. ಆಮೇಲೆ ತನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಹೆಗಲು ಸರಿಸಿ, ಹುಸೇನಬಿಯ ಪಕ್ಕೆಯ ಮೇಲೆ ಕೈಯಿಟ್ಟಳು.